ಮೂರು ಕಪ್ ಹಿಟ್ಟು ಎಂದರೆ ಎಷ್ಟು ಗ್ರಾಂ? ನಾದಬೇಕಿಲ್ಲದ ಬ್ರೆಡ್‌ನ ಪ್ರಕರಣ

2006ರ ನವೆಂಬರ್ 8ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅಡುಗೆ ಅಂಕಣದಲ್ಲಿ ಮಾರ್ಕ್ ಬಿಟ್‌ಮನ್ ಒಂದು ಬ್ರೆಡ್ ಮಾಡುವ ವಿಧಾನವನ್ನು ಪ್ರಕಟಿಸಿದರು. ವಿಧಾನ ಮ್ಯಾನ್‌ಹಟನ್‌ನ ಸಲಿವನ್ ಸ್ಟ್ರೀಟ್ ಬೇಕರಿಯ ಒಡೆಯ ಜಿಮ್ ಲಾಹಿ ಅವರದು. ಸಾಮಗ್ರಿ ನಾಲ್ಕೇ: 3 ಕಪ್ ಹಿಟ್ಟು, 1⅝ ಕಪ್ ನೀರು, 1¼ ಟೀ ಚಮಚ ಉಪ್ಪು, ¼ ಟೀ ಚಮಚ ಇನ್‌ಸ್ಟಂಟ್ ಯೀಸ್ಟ್. ಎಲ್ಲವನ್ನೂ ಬಟ್ಟಲಿಗೆ ಸುರಿದು ಕದಡಿ, ಮುಚ್ಚಿ, 21 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕೋಣೆಯಲ್ಲಿ 12ರಿಂದ 18 ಗಂಟೆ ಬಿಡುವುದು. ಆಮೇಲೆ ಮಡಚಿ, ಬಟ್ಟೆಯ ಮೇಲಿಟ್ಟು ಇನ್ನೆರಡು ಗಂಟೆ ಉಬ್ಬಲು ಬಿಟ್ಟು, 230 ಡಿಗ್ರಿಯಲ್ಲಿ ಕಾದ ದಪ್ಪ ತಳದ ಮುಚ್ಚಳದ ಪಾತ್ರೆಗೆ ಹಾಕಿ ಬೇಯಿಸುವುದು. ನಾದುವ ಕೆಲಸವೇ ಇಲ್ಲ. ಅಮೆರಿಕದಲ್ಲಿ ಅದುವರೆಗೆ ಬ್ರೆಡ್ ಮಾಡುವ ಧೈರ್ಯವೇ ಇಲ್ಲದಿದ್ದ ಜನರೂ ಆ ವಾರ ಹಿಟ್ಟಿನ ಪೊಟ್ಟಣ ಒಡೆದರು.

ಇಷ್ಟು ಸರಳವಾದ ಪಾಕ, ಅಂದರೆ ರೆಸಿಪಿ, ಬಹಳ ಜನರಿಗೆ ಒಲಿಯಿತು, ಕೆಲವರಿಗೆ ಕೈಕೊಟ್ಟಿತು. ಕೈಕೊಟ್ಟವರ ದೂರು ಹೆಚ್ಚುಕಡಿಮೆ ಒಂದೇ: ಹಿಟ್ಟು ನೀರಿನಂತೆ ಹರಿದು ಹೋಗುತ್ತದೆ, ಮಡಚಲು ಬರುವುದಿಲ್ಲ, ಬಟ್ಟೆಗೆ ಅಂಟಿಕೊಂಡು ಬಿಡುತ್ತದೆ. ಅದೇ ಪಾಕವನ್ನು ಪಕ್ಕದ ಮನೆಯವರು ಮಾಡಿದರೆ ಹೊರಮೈ ಕುರುಕುರು ಎನ್ನುವ, ಒಳಗೆ ದೊಡ್ಡ ದೊಡ್ಡ ರಂಧ್ರಗಳಿರುವ ಸುಂದರ ಬ್ರೆಡ್. ವ್ಯತ್ಯಾಸ ಒಲೆಯಲ್ಲೂ ಇರಬಹುದು, ಯೀಸ್ಟ್‌ನಲ್ಲೂ ಇರಬಹುದು. ಆದರೆ ಮೊದಲು ಶಂಕಿಸಬೇಕಾದದ್ದು ಆ ಮೊದಲ ಸಾಲನ್ನೇ, ‘3 ಕಪ್ ಹಿಟ್ಟು’ ಎಂಬುದನ್ನು. ಕಪ್ಪನ್ನು ಗ್ರಾಂಗೆ, ಗ್ರಾಂ ಅನ್ನು ಕಪ್ಪಿಗೆ ಬದಲಿಸುವಾಗ ಎಡವುವುದು ಎಲ್ಲಿ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನಮ್ಮೂರುಗಳಲ್ಲಿ ಮನೆಯಲ್ಲೇ ಬೇಕಿಂಗ್ ಮಾಡುವವರು ಬಳಸುವ ಪಾಕಗಳಲ್ಲಿ ದೊಡ್ಡ ಪಾಲು ಅಮೆರಿಕದ ಕಪ್ಪಿನ ಲೆಕ್ಕದಲ್ಲಿಯೇ ಬರುವುದರಿಂದ ಇದು ನಮ್ಮ ಅಡುಗೆಮನೆಯ ವಿಷಯವೂ ಹೌದು.

ಮೊದಲು ಅಂಕಿ ಇಟ್ಟು ನೋಡೋಣ. ಅಮೆರಿಕದ ಒಂದು ಕಪ್ ಎಂದರೆ 236.6 ಮಿಲಿಲೀಟರ್. ನೀರಿನ ವಿಷಯದಲ್ಲಿ ತಕರಾರಿಲ್ಲ, ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುತ್ತದೆ. 1⅝ ಕಪ್ ನೀರು ಸುಮಾರು 384 ಗ್ರಾಂ. ಹಿಟ್ಟಿಗೆ ಬಂದರೆ ಅಲ್ಲಿನ ಸೂಪರ್ ಮಾರ್ಕೆಟ್ಟಿನ ಪೊಟ್ಟಣದ ಹಿಂಬದಿಯಲ್ಲಿ ಪೌಷ್ಟಿಕಾಂಶದ ಪಟ್ಟಿ ಇರುತ್ತದೆ, ಕಾಲು ಕಪ್ ಎಂದರೆ 30 ಗ್ರಾಂ ಎಂದು ಅಲ್ಲಿ ಅಚ್ಚಾಗಿರುತ್ತದೆ. ಕಿಂಗ್ ಆರ್ಥರ್ ಎಂಬ ಹೆಸರಾಂತ ಹಿಟ್ಟಿನ ಕಂಪನಿಯ ಅಳತೆ ಪಟ್ಟಿಯೂ ಒಂದು ಕಪ್ ಬಿಳಿ ಹಿಟ್ಟಿಗೆ 120 ಗ್ರಾಂ ಎಂದೇ ಹೇಳುತ್ತದೆ. ಮನೆಯಲ್ಲಿ ತಕ್ಕಡಿ ಇರುವ ಎಚ್ಚರದ ಓದುಗರೊಬ್ಬರು ಪೊಟ್ಟಣ ನೋಡಿ 120ನ್ನು ಮೂರರಿಂದ ಗುಣಿಸಿ 360 ಗ್ರಾಂ ಹಿಟ್ಟು ತೂಗುತ್ತಾರೆ, 384 ಗ್ರಾಂ ನೀರು ಸುರಿಯುತ್ತಾರೆ ಎಂದುಕೊಳ್ಳಿ. ಹಿಟ್ಟಿಗಿಂತ ನೀರೇ ಹೆಚ್ಚಾಯಿತು! ಬೇಕರಿಯವರ ಲೆಕ್ಕದಲ್ಲಿ ಹಿಟ್ಟನ್ನು ಯಾವಾಗಲೂ ನೂರು ಎಂದು ಇಟ್ಟುಕೊಂಡು ಉಳಿದದ್ದನ್ನು ಅದರ ಶೇಕಡಾವಾರಿನಲ್ಲಿ ಹೇಳುತ್ತಾರೆ. ಆ ಲೆಕ್ಕಕ್ಕೆ ಇಲ್ಲಿ ನೀರು ಶೇ. 107. ಸಾಮಾನ್ಯ ಸ್ಯಾಂಡ್‌ವಿಚ್ ಬ್ರೆಡ್ಡಿಗೆ ಶೇ. 60ರಿಂದ 65 ನೀರು ಸಾಕು. 75 ದಾಟಿದರೆ ಅಂಟು ಹಿಟ್ಟು, 80ರ ಮೇಲೆ ಪಳಗಿದ ಕೈಗೂ ಕಷ್ಟ. 107 ಎಂದರೆ ಇಡ್ಲಿ ಹಿಟ್ಟಿನಂತೆ ಸೌಟಿನಲ್ಲಿ ಎತ್ತಿ ಹುಯ್ಯಬೇಕು, ಮಡಚುವ ಮಾತೇ ಇಲ್ಲ.

ಈಗ ಅದೇ ಪಾಕವನ್ನು ತಕ್ಕಡಿ ಇಲ್ಲದೆ, ಕಪ್ಪನ್ನು ನೇರವಾಗಿ ಹಿಟ್ಟಿನ ಚೀಲಕ್ಕೆ ಅದ್ದಿ ಮೇಲ್ಭಾಗ ಸವರಿ ತೆಗೆಯುವವರು ಮಾಡಿದರೆಂದುಕೊಳ್ಳಿ. ಹಾಗೆ ಅದ್ದಿದ ಕಪ್ 140 ಗ್ರಾಂ ದಾಟುವುದು ಮಾಮೂಲು; ಕೈ ಸ್ವಲ್ಪ ಬಿಗಿಯಾದರೆ 150. ಮೂರು ಕಪ್ಪಿಗೆ 450 ಗ್ರಾಂ, ನೀರು ಶೇ. 85. ಒದ್ದೆ ಹಿಟ್ಟೇ, ಆದರೆ ಬ್ರೆಡ್ ಆಗುವ ಹಿಟ್ಟು.

ಅಂದರೆ ಒಂದೇ ಪಾಕ, ಒಂದೇ ಕಪ್. ಪೊಟ್ಟಣದ ಅಂಕಿಯನ್ನು ನಂಬಿ ತಕ್ಕಡಿ ಹಿಡಿದವರು ಸೋತರು. ಚೀಲಕ್ಕೆ ಕಪ್ ಅದ್ದಿದವರು ಗೆದ್ದರು. ಹಾಗೆಂದು ತಕ್ಕಡಿಯ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ತಕ್ಕಡಿ 360 ಎಂದು ತೋರಿಸಿದರೆ ಅಲ್ಲಿ 360 ಗ್ರಾಂ ಹಿಟ್ಟು ಇದ್ದೇ ಇದೆ. ಯಾರ ಕಪ್ಪನ್ನು ಗ್ರಾಂಗೆ ತಿರುಗಿಸುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಕೇಳದೆ ಗುಣಾಕಾರಕ್ಕೆ ಇಳಿದದ್ದೇ ಎಡವಟ್ಟು.

ಕಪ್ಪಿನೊಳಗೆ ಏನಾಗುತ್ತದೆ

ಅಕ್ಕಿಯನ್ನು ಪಾವಿನಲ್ಲಿ, ಸೇರಿನಲ್ಲಿ ಅಳೆಯುವುದು ನಮಗೆ ತಲೆತಲಾಂತರದಿಂದ ರೂಢಿ. ಅಕ್ಕಿಯ ಕಾಳು ಗಟ್ಟಿ, ನುಣುಪು. ಸುರಿದರೆ ಜಾರಿ ತನ್ನ ಜಾಗ ಹುಡುಕಿಕೊಳ್ಳುತ್ತದೆ, ಒತ್ತಿದರೆ ಹೆಚ್ಚೇನೂ ಕುಗ್ಗುವುದಿಲ್ಲ. ಗೋಪುರ ಕಟ್ಟಿ ಅಳೆಯುವುದೋ ಮಟ್ಟಸ ಅಳೆಯುವುದೋ ಎಂದು ಒಪ್ಪಂದವಾದರೆ ಸಾಕು, ಅಜ್ಜಿ ಅಳೆದರೂ ಮೊಮ್ಮಗಳು ಅಳೆದರೂ ಪಾವು ಪಾವೇ. ರವೆ, ಸಕ್ಕರೆಗಳೂ ಬಹುಮಟ್ಟಿಗೆ ಹೀಗೆಯೇ. ಮೈದಾ ಮಾತ್ರ ಬೇರೆ ಜಾತಿ. ಅದರ ಕಣಗಳು ಎಷ್ಟು ಸಣ್ಣವೆಂದರೆ ಒಂದಕ್ಕೊಂದು ಅಂಟಿಕೊಳ್ಳುವ ಸೆಳೆತ ಅವುಗಳ ಸ್ವಂತ ತೂಕವನ್ನೂ ಮೀರುತ್ತದೆ. ಕೆಳಗೆ ಜಾರುವ ಬದಲು ನಡುವೆ ಗಾಳಿ ಹಿಡಿದುಕೊಂಡು ಅಲ್ಲೇ ನಿಲ್ಲುತ್ತವೆ. ಸಡಿಲವಾಗಿ ತುಂಬಿದ ಒಂದು ಕಪ್ ಮೈದಾದಲ್ಲಿ ಸುಮಾರು ಮೂರನೇ ಎರಡು ಪಾಲು ಗಾಳಿಯೇ. ಆ ಗಾಳಿಯನ್ನು ಎಷ್ಟು ಹೊರಗೆ ತಳ್ಳಿದಿರಿ ಎಂಬುದೇ ಕಪ್ಪಿನ ತೂಕವನ್ನು ತೀರ್ಮಾನಿಸುತ್ತದೆ.

ಇದನ್ನು ಮನೆಯಲ್ಲಿ ಕಣ್ಣಾರೆ ನೋಡಬಹುದು, ದಯವಿಟ್ಟು ಒಮ್ಮೆ ನೋಡಿ. ಬಹಳ ದಿನ ಮುಚ್ಚಿಟ್ಟ ಮೈದಾ ಡಬ್ಬಿಯ ಮುಚ್ಚಳ ತೆಗೆದು ಚಮಚವನ್ನು ನೆಟ್ಟಗೆ ಚುಚ್ಚಿ ಹೊರಗೆ ಎಳೆಯಿರಿ. ಚಮಚದ ಆಕಾರದ ಗುಳಿ ಹಾಗೆಯೇ ಉಳಿಯುತ್ತದೆ, ಗೋಡೆ ಕುಸಿಯುವುದಿಲ್ಲ. ಅಷ್ಟು ಅಡಕವಾಗಿ ಕೂತಿರುತ್ತದೆ ಹಿಟ್ಟು. ಅದೇ ಡಬ್ಬಿಗೆ ಕಪ್ಪನ್ನು ಅದ್ದಿ, ಡಬ್ಬಿಯ ಬದಿಗೆ ಒತ್ತಿ ಮೇಲೆತ್ತಿ, ಚಾಕುವಿನ ಬೆನ್ನಿನಿಂದ ಸವರಿ ತಕ್ಕಡಿಯ ಮೇಲಿಡಿ: 145ರ ಆಸುಪಾಸು ತೋರಿಸುತ್ತದೆ. ಈಗ ಹಿಟ್ಟನ್ನು ಚಮಚದಿಂದ ಕೆದಕಿ ಸಡಿಲ ಮಾಡಿ, ಚಮಚಚಮಚವಾಗಿ ಕಪ್ಪಿಗೆ ಉದುರಿಸಿ, ಒತ್ತದೆ ಕುಟ್ಟದೆ ಮೇಲ್ಮೈ ಸವರಿ ತೂಗಿ: 120ರಿಂದ 125. ಜರಡಿ ಹಿಡಿದು ನೇರ ಕಪ್ಪಿಗೇ ಬೀಳಿಸಿದರೆ 115ಕ್ಕೂ ಕೆಳಗೆ ಇಳಿಯಬಹುದು. ಕೊನೆಗೆ, ಚಮಚದಿಂದ ತುಂಬಿದ ಆ ಕಪ್ಪನ್ನು ಅಡುಗೆಕಟ್ಟೆಗೆ ನಾಲ್ಕು ಸಲ ಕುಟ್ಟಿ. ಒಂದು ಕಣ ಹಿಟ್ಟೂ ಚೆಲ್ಲಿಲ್ಲ, ಆದರೂ ಹಿಟ್ಟಿನ ಮಟ್ಟ ಅಂಚಿನಿಂದ ಎದ್ದು ಕಾಣುವಷ್ಟು ಕೆಳಗಿಳಿದಿರುತ್ತದೆ. ಆ ಖಾಲಿ ಜಾಗವನ್ನು ಮತ್ತೆ ತುಂಬಿದವರ ಕಪ್ ಒಂದು ತೂಕ, ತುಂಬದವರ ಕಪ್ ಇನ್ನೊಂದು ತೂಕ.

ಅಮೆರಿಕನ್ನರು ಮಟ್ಟಸ ಕಪ್ಪಿಗೆ ಬಂದ ಬಗೆಗೂ ಒಂದು ಹಿನ್ನೆಲೆ ಇದೆ. ಬಾಸ್ಟನ್ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ 1896ರ ತಮ್ಮ ಪುಸ್ತಕದಲ್ಲಿ ಕಪ್ಪನ್ನೂ ಚಮಚವನ್ನೂ ತುಂಬಿ ಮೇಲ್ಭಾಗ ಸವರಿ ಮಟ್ಟ ಮಾಡಿಯೇ ಅಳೆಯಬೇಕು ಎಂದು ಒತ್ತಿ ಹೇಳಿದರು. ಚಿಟಿಕೆ, ಮುಷ್ಟಿ, ‘ಬೆಣ್ಣೆ ಒಂದು ಮೊಟ್ಟೆ ಗಾತ್ರ’ ಎಂಬಂಥ ಅಂದಾಜುಗಳ ಕಾಲದಲ್ಲಿ ಅದು ದೊಡ್ಡ ಹೆಜ್ಜೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಮಟ್ಟ ಮಾಡಿದರೆ ಕಪ್ಪಿನ ಮೇಲಿನ ಗೋಪುರದ ಸಮಸ್ಯೆ ಮಾತ್ರ ತೀರುತ್ತದೆ. ಒಳಗಿನ ಗಾಳಿಯ ಸಮಸ್ಯೆ ಹಾಗೆಯೇ ಉಳಿಯಿತು, ಇಂದಿಗೂ ಉಳಿದಿದೆ.

ಹಾಗಾದರೆ ಇಷ್ಟು ವರ್ಷ ಕಪ್ಪಿನಲ್ಲೇ ಅಳೆದು ಬ್ರೆಡ್ ಮಾಡಿದವರೆಲ್ಲ ಹೇಗೆ ಪಾರಾದರು? ಕೈಯಿಂದ. ಚಪಾತಿ ಹಿಟ್ಟು ಕಲಸುವವರು ಯಾರೂ ನೀರನ್ನು ಅಳೆಯುವುದಿಲ್ಲ. ಅಂಟಿದರೆ ಒಂದು ಹಿಡಿ ಹಿಟ್ಟು, ಬಿರುಸಾದರೆ ಒಂದು ಸಿಂಪು ನೀರು. ನಾದುವ ಹತ್ತು ನಿಮಿಷದಲ್ಲಿ ಅಳತೆಯ ಲೋಪವನ್ನೆಲ್ಲ ಅಂಗೈ ಸರಿಪಡಿಸಿಬಿಡುತ್ತದೆ. ಲಾಹಿಯವರ ಪಾಕದ ಹೆಚ್ಚುಗಾರಿಕೆಯೇ ನಾದಬೇಕಿಲ್ಲ ಎಂಬುದು. ನೀರು ಹೆಚ್ಚಿದ್ದು, ಸಮಯ ಸಾಕಷ್ಟು ಸಿಕ್ಕರೆ ಗೋಧಿಯ ಅಂಟು ತಾನಾಗಿಯೇ ಹೆಣೆದುಕೊಳ್ಳುತ್ತದೆ. ಆದರೆ ನಾದುವುದನ್ನು ಕೈಬಿಟ್ಟಾಗ ಸರಿಪಡಿಸುವ ಅವಕಾಶವೂ ಕೈಬಿಟ್ಟುಹೋಯಿತು. ಹಿಟ್ಟು ಕದಡುವುದು ಅರ್ಧ ನಿಮಿಷದ ಕೆಲಸ, ಬ್ರೆಡ್ ಮಾಡಿ ಅನುಭವವಿಲ್ಲದವರಿಗೆ ಆ ಹದ ಸರಿಯೋ ತಪ್ಪೋ ಗೊತ್ತಾಗುವುದೂ ಇಲ್ಲ, ಆಮೇಲೆ 18 ಗಂಟೆ ಯಾರೂ ಮುಟ್ಟುವುದಿಲ್ಲ. ಅನುಭವವಿಲ್ಲದವರನ್ನೇ ಬರಮಾಡಿಕೊಂಡ ಪಾಕಕ್ಕೆ ಬೇಕಿದ್ದದ್ದು ನಿಖರ ಅಳತೆ, ಸಿಕ್ಕಿದ್ದು ಕಪ್. ಈ ಪ್ರಕರಣದ ತಿರುಳು ಇದೇ ಎಂಬುದು ನನ್ನ ಅಭಿಪ್ರಾಯ.

ಬರೆದವರ ಕಪ್ಪನ್ನು ಹುಡುಕುವುದು

ಪಾಕ ಬರೆದವರು ಕಪ್ಪನ್ನು ಹೇಗೆ ತುಂಬಿದ್ದರು ಎಂದು ಪಾಕದೊಳಗಿನ ಸುಳಿವುಗಳಿಂದಲೇ ಊಹಿಸಲು ಸಾಧ್ಯವೇ? ಈ ಪ್ರಕರಣದಲ್ಲಿ ಸಾಧ್ಯ. ಪಾಕದ ಕೊನೆಯಲ್ಲಿ ಇಷ್ಟರಿಂದ ಒಂದೂವರೆ ಪೌಂಡ್‌ನ ಒಂದು ಬ್ರೆಡ್ ಆಗುತ್ತದೆ ಎಂದಿತ್ತು. ಒಂದೂವರೆ ಪೌಂಡ್ ಎಂದರೆ 680 ಗ್ರಾಂ. ಬ್ರೆಡ್ ಬೇಯುವಾಗ ನೀರು ಆವಿಯಾಗಿ ಹಸಿಹಿಟ್ಟಿನ ತೂಕದಲ್ಲಿ ಸಾಮಾನ್ಯವಾಗಿ ಶೇ. 10ರಿಂದ 15 ಕಡಿಮೆಯಾಗುತ್ತದೆ. ಇದನ್ನು ಹಿಡಿದು ಹಿಂದಕ್ಕೆ ಹೋಗೋಣ.

ಒಂದು ಕಪ್ಪಿಗೆ 120 ಗ್ರಾಂ, ನೀರು ಪಾಕದಲ್ಲಿರುವಂತೆ 384 ಗ್ರಾಂ ಎಂದಿಟ್ಟುಕೊಂಡರೆ ಉಪ್ಪು, ಯೀಸ್ಟ್ ಸೇರಿ ಹಸಿಹಿಟ್ಟು 753 ಗ್ರಾಂ. ಶೇ. 13 ಕಳೆದರೆ 655. ಒಂದೂವರೆ ಪೌಂಡ್‌ಗೆ ಕಡಿಮೆ, ಮೇಲಾಗಿ ನೀರು ಅಷ್ಟು ಹೆಚ್ಚಿದ್ದರೆ ಆವಿಯಾಗುವುದೂ ಹೆಚ್ಚು. 150 ಗ್ರಾಂನ ಕಪ್ ಎಂದುಕೊಂಡರೆ ಹಸಿಹಿಟ್ಟು 843, ಬೆಂದ ಮೇಲೆ 733, ಇದು ಹೆಚ್ಚಾಯಿತು. ನಡುವೆ ಎಲ್ಲೋ ಉತ್ತರವಿದೆ. ಅಮೆರಿಕದ ಕೆಲವು ಪರೀಕ್ಷಾ ಅಡುಗೆಮನೆಗಳು ಅದ್ದಿ ಸವರುವ ಕಪ್ಪಿಗೆ 5 ಔನ್ಸ್, ಅಂದರೆ 142 ಗ್ರಾಂ ಹಿಡಿಯುತ್ತವೆ. ಆ ಕಪ್ಪಿನ ಲೆಕ್ಕದಲ್ಲಿ 3 ಕಪ್ ಹಿಟ್ಟು 426 ಗ್ರಾಂ.

ನೀರಿನ ಕಡೆಯಿಂದಲೂ ಒಂದು ಸುಳಿವಿದೆ. ಅಂಕಣದ ಜತೆ ಬಂದ ವಿಡಿಯೊದಲ್ಲಿ ಲಾಹಿ ಹಾಕುವುದು ಒಂದೂವರೆ ಕಪ್ ನೀರು, ಅಚ್ಚಾದ ಪಾಕದಲ್ಲಿರುವುದು 1⅝. ಅಂತರ ಎರಡೇ ಟೇಬಲ್ ಚಮಚ, 30 ಮಿಲಿಲೀಟರ್. ಕೇಳಲು ಚಿಲ್ಲರೆ ಅನ್ನಿಸುತ್ತದೆ. ಆದರೆ 426 ಗ್ರಾಂ ಹಿಟ್ಟಿಗೆ ಅದು ಶೇ. 7, ಅಷ್ಟರಲ್ಲಿ ಹಿಟ್ಟು ‘ಅಂಟುತ್ತದೆ ಆದರೆ ಮಡಚಬಹುದು’ ಎನ್ನುವುದರಿಂದ ‘ಹರಿಯುತ್ತದೆ’ ಎನ್ನುವುದಕ್ಕೆ ದಾಟಿಬಿಡುತ್ತದೆ.

ಒಂದು ತಿಂಗಳೊಳಗೆ, ಡಿಸೆಂಬರ್‌ನಲ್ಲಿ, ಬಿಟ್‌ಮನ್ ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತ ಇನ್ನೊಂದು ಅಂಕಣ ಬರೆದರು. ಅದರಲ್ಲಿ ತೂಕದ ಲೆಕ್ಕ ಬಂತು: ಹಿಟ್ಟು 430 ಗ್ರಾಂ, ನೀರು 345 ಗ್ರಾಂ, ಉಪ್ಪು 8 ಗ್ರಾಂ, ಯೀಸ್ಟ್ 1 ಗ್ರಾಂ. ಭಾಗಿಸಿ ನೋಡಿದರೆ ಕಪ್ಪಿಗೆ 143 ಗ್ರಾಂ, ಅದ್ದಿ ಸವರಿದ ಕಪ್ಪೇ. ನೀರು ಶೇ. 80. ಒಟ್ಟು ಹಸಿಹಿಟ್ಟು 784 ಗ್ರಾಂ, ಶೇ. 13 ಕಳೆದರೆ 682: ಒಂದೂವರೆ ಪೌಂಡ್! ಪಾಕದ ಕೊನೆಯ ಸಾಲು ಮೊದಲ ಸಾಲಿನ ಅರ್ಥವನ್ನು ಹೇಳಿಕೊಂಡೇ ಇತ್ತು, ಆ ಕಡೆ ನೋಡಬೇಕಿತ್ತಷ್ಟೆ. ಇನ್ನೊಂದು ವಿಷಯ ಗಮನಿಸಿ: 345 ಗ್ರಾಂ ನೀರು 1⅝ ಕಪ್ ಅಲ್ಲ, ಒಂದೂವರೆ ಕಪ್ಪಿಗಿಂತಲೂ ತುಸು ಕಡಿಮೆ. ಹಿಟ್ಟಿನ ತೂಕ ಹೊರಬೀಳುವ ಹೊತ್ತಿಗೆ ನೀರಿನ ಲೆಕ್ಕವೂ ಸದ್ದಿಲ್ಲದೆ ವಿಡಿಯೊದ ಕಡೆಗೆ ಸರಿದಿತ್ತು.

2009ರಲ್ಲಿ ಲಾಹಿ ತಮ್ಮದೇ ಪುಸ್ತಕ ತಂದಾಗ ಇದೇ ಬ್ರೆಡ್‌ಗೆ ಕಪ್ ಮತ್ತು ಗ್ರಾಂ ಎರಡನ್ನೂ ಪಕ್ಕಪಕ್ಕದಲ್ಲಿ ಕೊಟ್ಟರು: 3 ಕಪ್, 400 ಗ್ರಾಂ ಹಿಟ್ಟು, 1⅓ ಕಪ್, 300 ಗ್ರಾಂ ನೀರು. ಇಲ್ಲಿ ಕಪ್ 133 ಗ್ರಾಂ, ನೀರು ಶೇ. 75. ಅಂದರೆ ‘3 ಕಪ್’ ಎಂಬ ಮಾತು ಮೂರು ವರ್ಷದಲ್ಲಿ ಒಂದಿಷ್ಟೂ ಬದಲಾಗಲಿಲ್ಲ, ಅದರ ಹಿಂದಿನ ಹಿಟ್ಟು ಮಾತ್ರ 430ರಿಂದ 400ಕ್ಕೆ ಬಂತು. ಪೊಟ್ಟಣ ನೋಡಿದವರಿಗೆ ಅದೇ ಮಾತು 360. ನನ್ನ ಕೈಗೆ ಪಾಕ ಸಿಕ್ಕಿದರೆ ನಾನು ಪುಸ್ತಕದ ಲೆಕ್ಕವನ್ನೇ ಹಿಡಿಯುತ್ತೇನೆ. ಶೇ. 75ರ ಹಿಟ್ಟು ಹೊಸಬರ ಕೈಯಲ್ಲಿ ನಿಲ್ಲುತ್ತದೆ, ರಂಧ್ರಗಳಿಗೂ ಕೊರತೆಯಿಲ್ಲ.

ಕಪ್ಪಿನ ಗಾತ್ರದ ಗೊಂದಲ

ಇಲ್ಲಿ ಒಂದು ವ್ಯರ್ಥ ಚಿಂತೆಯ ಬಗ್ಗೆ ಹೇಳಲೇಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಅಳತೆ ಕಪ್ಪುಗಳಲ್ಲಿ ಕೆಲವು 240 ಮಿಲಿಲೀಟರ್, ಕೆಲವು 250. ಆಸ್ಟ್ರೇಲಿಯಾದ ಕಪ್ 250, ಜಪಾನಿನದು 200. ಅಮೆರಿಕದ ಪಾಕಕ್ಕೆ ಯಾವ ಕಪ್ ಎಂದು ಜನ ತಲೆ ಕೆಡಿಸಿಕೊಳ್ಳುತ್ತಾರೆ. ಈ ಬ್ರೆಡ್‌ನ ಮಟ್ಟಿಗೆ ಆ ಚಿಂತೆ ಬೇಡ. ಹಿಟ್ಟು, ನೀರು ಎರಡನ್ನೂ ಒಂದೇ ಕಪ್ಪಿನಲ್ಲಿ ಅಳೆದರೆ ಕಪ್ ದೊಡ್ಡದಾದರೂ ಸಣ್ಣದಾದರೂ ಅವುಗಳ ಅನುಪಾತ ಒಂದೇ. ಬ್ರೆಡ್ ಸ್ವಲ್ಪ ದೊಡ್ಡದೋ ಚಿಕ್ಕದೋ ಆಗುತ್ತದೆ, ಅಷ್ಟೆ. 240ಕ್ಕೂ 250ಕ್ಕೂ ಇರುವ ಅಂತರ ಶೇ. 4, ಅದ್ದಿದ ಕಪ್ಪಿಗೂ ಉದುರಿಸಿದ ಕಪ್ಪಿಗೂ ಇರುವ ಅಂತರ ಶೇ. 20. ಚಿಂತಿಸಬೇಕಾದದ್ದು ಎರಡನೆಯದರ ಬಗ್ಗೆ.

ಚಮಚ ಮಾತ್ರ ಕಪ್ಪಿನ ಜತೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ರೈಸ್ ಕುಕ್ಕರ್ ಜತೆ ಬರುವ ಪ್ಲಾಸ್ಟಿಕ್ ಕಪ್ಪನ್ನು ‘ಕಪ್’ ಎಂದುಕೊಂಡು ಬೇಕಿಂಗ್‌ಗೆ ಬಳಸುವವರು ಬಹಳ ಮಂದಿ. ಅದು ಅಕ್ಕಿಗಾಗಿ ಮಾಡಿದ್ದು, 180 ಮಿಲಿಲೀಟರ್ ಅಥವಾ ಅದಕ್ಕೂ ಕಡಿಮೆ. ಅದರಲ್ಲಿ ಹಿಟ್ಟು, ನೀರು ಅಳೆದು, ಉಪ್ಪು ಯೀಸ್ಟ್‌ಗಳನ್ನು ಪಾಕದ ಚಮಚದಂತೆಯೇ ಹಾಕಿದರೆ ಉಪ್ಪು ಮೂರನೇ ಒಂದು ಪಾಲಿನಷ್ಟು ಹೆಚ್ಚಾಗುತ್ತದೆ. ಕೇಕ್‌ನಲ್ಲಿ ಇದು ಇನ್ನೂ ಗಂಭೀರ: ಅಲ್ಲಿ ಮೊಟ್ಟೆ ಎಣಿಕೆಯಲ್ಲಿ, ಬೆಣ್ಣೆ ಗ್ರಾಂನಲ್ಲಿ, ಹಿಟ್ಟು ಕಪ್ಪಿನಲ್ಲಿ ಇರುತ್ತದೆ. ಮನೆಯ ಕಪ್ ಎಷ್ಟು ಹಿಡಿಯುತ್ತದೆಂದು ತಿಳಿಯಲು ಖಾಲಿ ಕಪ್ಪನ್ನು ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ ಅಂಚಿನವರೆಗೆ ನೀರು ತುಂಬಿ; ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟು ಮಿಲಿಲೀಟರ್.

ಉಪ್ಪಿನ ಚಮಚವೂ ಹಿಟ್ಟಿನ ಕಪ್ಪಿನಷ್ಟೇ ಮೋಸಗಾರ. ನಮ್ಮ ಪುಡಿ ಉಪ್ಪು ಒಂದು ಟೀ ಚಮಚಕ್ಕೆ 6 ಗ್ರಾಂ ಆಸುಪಾಸು. ಅಮೆರಿಕದ ಅಡುಗೆಯವರು ಇಷ್ಟಪಡುವ ಹಗುರ ಹರಳಿನ ಕೋಷರ್ ಉಪ್ಪಿನಲ್ಲಿ ಒಂದು ಬಗೆ ಚಮಚಕ್ಕೆ 3 ಗ್ರಾಂ ಕೂಡ ತೂಗುವುದಿಲ್ಲ. 1¼ ಚಮಚ ಒಬ್ಬರ ಮನೆಯಲ್ಲಿ 7.5 ಗ್ರಾಂ, ಇನ್ನೊಬ್ಬರ ಮನೆಯಲ್ಲಿ 3.5 ಗ್ರಾಂ. ಬ್ರೆಡ್ ಸಪ್ಪೆಯಾಯಿತು ಎಂಬ ದೂರು ಆಗ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಯೀಸ್ಟ್‌ನಲ್ಲಿ ಮಾತು ತಿರುಗುಮುರುಗು. ತೂಕವೇ ಸರಿ ಎಂದು ಇಷ್ಟು ಹೊತ್ತು ವಾದಿಸಿದ ನಾನು ಇಲ್ಲಿ ಚಮಚದ ಪಕ್ಷ. ಕಾಲು ಚಮಚ ಇನ್‌ಸ್ಟಂಟ್ ಯೀಸ್ಟ್ ಒಂದು ಗ್ರಾಂಗಿಂತ ತುಸು ಕಡಿಮೆ. ಒಂದು ಗ್ರಾಂನ ಹೆಜ್ಜೆಯಲ್ಲಿ ಮಾತ್ರ ಅಂಕಿ ತೋರಿಸುವ ಅಡುಗೆಮನೆ ತಕ್ಕಡಿ ಅರ್ಧ ಗ್ರಾಂಗೂ 1 ಎನ್ನಬಹುದು, ಒಂದೂವರೆಗೂ 1 ಎನ್ನಬಹುದು. ಮೂರು ಪಟ್ಟು ಅಂತರವಾಯಿತು. ಯೀಸ್ಟ್‌ನ ಕಣ ಗಟ್ಟಿ, ದುಂಡು, ಅಡಕವಾಗುವುದಿಲ್ಲ. ಅಳತೆ ಚಮಚವನ್ನು ತುಂಬಿ ಸವರಿದರೆ ಸಾಕು.

ನಮ್ಮ ಹಿಟ್ಟು, ನಮ್ಮ ಸೆಖೆ

ಈಗ ಈ 400 ಮತ್ತು 300ನ್ನು ಹಿಡಿದು ಬೆಂಗಳೂರಿನಲ್ಲೋ ಉಡುಪಿಯಲ್ಲೋ ಬ್ರೆಡ್ ಮಾಡಹೊರಟರೆ? ತೂಕ ಸರಿಹೋಯಿತು, ಹಿಟ್ಟು ಅದೇ ಅಲ್ಲ. ಅಮೆರಿಕದ ಬ್ರೆಡ್ ಹಿಟ್ಟಿನಲ್ಲಿ ಪ್ರೋಟೀನ್ ಹೆಚ್ಚು. ಕಿಂಗ್ ಆರ್ಥರ್‌ನವರ ಬ್ರೆಡ್ ಹಿಟ್ಟಿನಲ್ಲಿ ಶೇ. 12.7. ನಮ್ಮ ಮೈದಾ ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ ಕಾಣುವುದು ನೂರು ಗ್ರಾಂಗೆ 10–11 ಗ್ರಾಂ. ಪ್ರೋಟೀನ್ ಕಡಿಮೆಯಿದ್ದರೆ ಹಿಟ್ಟು ಹಿಡಿದಿಟ್ಟುಕೊಳ್ಳುವ ನೀರೂ ಕಡಿಮೆ. ಆದ್ದರಿಂದ ಮೈದಾಗೆ ಶೇ. 80 ಬೇಡವೇ ಬೇಡ. 75 ಮೇಲಿನ ಮಿತಿ, ಮೊದಲ ಸಲ 70ರಿಂದ, ಅಂದರೆ 400 ಗ್ರಾಂಗೆ 280 ಗ್ರಾಂ ನೀರಿನಿಂದ ಆರಂಭಿಸುವುದು ಜಾಣತನ. ಗೋಧಿ ಆಟ್ಟಾ ಇದಕ್ಕೆ ತದ್ವಿರುದ್ಧ. ಗಿರಣಿಯ ಕಲ್ಲಿನ ನಡುವೆ ಅರೆದಾಗ ಪಿಷ್ಟದ ಕಣಗಳು ಜಜ್ಜಿಹೋಗಿ ನೀರನ್ನು ಹೀರುತ್ತವೆ, ಜತೆಗೆ ತೌಡೂ ಇರುತ್ತದೆ. ಮೈದಾದ ಕಾಲು ಭಾಗ ತೆಗೆದು ಆಟ್ಟಾ ಹಾಕಿದರೆ ಅದೇ ನೀರಿಗೆ ಹಿಟ್ಟು ಬಿಗಿಯಾಗುವುದು ಕೈಗೇ ತಿಳಿಯುತ್ತದೆ. ಆಗ 300ಕ್ಕೆ ಹೋಗಬಹುದು.

ಸಮಯದ ವಿಷಯ ಅಳತೆಗೆ ನೇರ ಸಂಬಂಧಿಸಿದ್ದಲ್ಲ, ಆದರೂ ಹೇಳದೆ ಬಿಟ್ಟರೆ ಪಾಕ ಕೆಡುತ್ತದೆ. 18 ಗಂಟೆ ಎಂಬುದು 21 ಡಿಗ್ರಿಯ ಕೋಣೆಗೆ. ನಮ್ಮ ಬೇಸಿಗೆಯ ಅಡುಗೆಮನೆಯಲ್ಲಿ, ಕರಾವಳಿಯಲ್ಲಂತೂ ವರ್ಷದ ಬಹುಪಾಲು, ಅದರ ಅರ್ಧ ಸಮಯಕ್ಕೇ ಹಿಟ್ಟು ಉಬ್ಬಿ ಹುಳಿಯಾಗಿ ಇಳಿಯತೊಡಗುತ್ತದೆ. ಅತಿಯಾಗಿ ಹುದುಗಿದ ಹಿಟ್ಟೂ ನೀರಾದಂತೆಯೇ ಕಾಣುತ್ತದೆ. ಅದನ್ನು ನೋಡಿ ನೀರು ಹೆಚ್ಚಾಯಿತು ಎಂದುಕೊಂಡು ಮರುಸಲ ನೀರು ಕಡಿಮೆ ಮಾಡುವವರಿದ್ದಾರೆ. ಅವರು ಕಡಿಮೆ ಮಾಡಬೇಕಿದ್ದದ್ದು ಗಂಟೆಗಳನ್ನು.

ತಕ್ಕಡಿಯೇ ಇಲ್ಲದಿದ್ದರೆ

ಗ್ರಾಂನಲ್ಲಿರುವ ಪಾಕವನ್ನು ಕಪ್ಪಿಗೆ ಇಳಿಸಬೇಕಾಗುವ ಸಂದರ್ಭವೂ ಬರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಈಗ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಕೊಳ್ಳುವುದೇ ಒಳ್ಳೆಯದು. ಆದರೆ ಊರಿನಲ್ಲಿರುವ ಚಿಕ್ಕಮ್ಮನಿಗೆ ಫೋನಿನಲ್ಲಿ ಪಾಕ ಹೇಳುವಾಗ ತಕ್ಕಡಿ ತನ್ನಿ ಎಂದರೆ ಬ್ರೆಡ್ ಆಗುವುದಿಲ್ಲ. ಆಗ ನಾನು ಕಪ್ಪಿನ ಸಂಖ್ಯೆಯ ಜತೆ ಕಪ್ ತುಂಬುವ ಬಗೆಯನ್ನೂ ಹೇಳುತ್ತೇನೆ, ಒಂದಿಲ್ಲದೆ ಇನ್ನೊಂದಕ್ಕೆ ಅರ್ಥವಿಲ್ಲ. ಹಿಟ್ಟನ್ನು ಕೆದಕಿ ಸಡಿಲ ಮಾಡಿ, ಚಮಚದಿಂದ ಉದುರಿಸಿ ತುಂಬಿ, ಕುಟ್ಟದೆ ಸವರುವ ಕ್ರಮವನ್ನೇ ಆರಿಸಿಕೊಳ್ಳುತ್ತೇನೆ. ಅದ್ದುವವರ ಕೈಬಲ ಒಬ್ಬೊಬ್ಬರದು ಒಂದೊಂದು ತೆರ. ಉದುರಿಸುವುದರಲ್ಲಿ ಬಲದ ಪಾತ್ರ ಕಡಿಮೆ, ಹಾಗಾಗಿ ಫಲಿತಾಂಶಗಳು ಹತ್ತಿರ ಹತ್ತಿರ ಇರುತ್ತವೆ. ಹೀಗೆ ತುಂಬಿದ 240 ಮಿಲಿಲೀಟರ್ ಕಪ್ಪಿಗೆ 120 ಗ್ರಾಂ ಹಿಡಿದರೆ 400 ಗ್ರಾಂ ಮೈದಾ ಎಂದರೆ 3⅓ ಕಪ್. 280 ಗ್ರಾಂ ನೀರು ಅದೇ ಕಪ್ಪಿನಲ್ಲಿ ಒಂದು ಕಪ್, ಅದರ ಮೇಲೆ ಎರಡೂವರೆ ಟೇಬಲ್ ಚಮಚ. ಪುಡಿ ಉಪ್ಪು 1¼ ಟೀ ಚಮಚ, ಯೀಸ್ಟ್ ಕಾಲು ಟೀ ಚಮಚ.

ನೀರಿನಲ್ಲಿ ಎರಡು ಟೇಬಲ್ ಚಮಚವನ್ನು ಮೊದಲೇ ಹಾಕದೆ ಬದಿಗಿಡಲು ಹೇಳುತ್ತೇನೆ. ಕದಡಿದ ಮೇಲೆ ಬಟ್ಟಲಿನ ತಳದಲ್ಲಿ ಒಣ ಹಿಟ್ಟು ಉಳಿದಿದ್ದರೆ ಅದನ್ನು ಹಾಕುವುದು. ಹಿಟ್ಟೆಲ್ಲ ಒದ್ದೆಯಾಗಿ ಒರಟೊರಟಾಗಿ ಒಂದು ಮುದ್ದೆಯಾಗಿ ಕೂಡಿಕೊಂಡಿದ್ದರೆ ಹಾಕದೆ ಬಿಡುವುದು. ಆಮೇಲೆ ಹತ್ತು ನಿಮಿಷ ಬಿಟ್ಟು ಒದ್ದೆ ಕೈಯಿಂದ ಒಂದು ಅಂಚನ್ನು ಹಿಡಿದು ಮೇಲೆಳೆದು ನೋಡಲಿ. ಒಂದೆರಡು ಬೆರಳುದ್ದ ಎಳೆದರೂ ತುಂಡಾಗದೆ ಮತ್ತೆ ನಿಧಾನವಾಗಿ ಕುಳಿತರೆ ಹದ ಸರಿಯಿದೆ, ಮುಚ್ಚಿಟ್ಟು ಮಲಗಬಹುದು. ಬೆರಳ ಸಂದಿಯಿಂದ ಸೋರಿದರೆ ಎರಡು ಚಮಚ ಮೈದಾ ಉದುರಿಸಿ ಇನ್ನೊಮ್ಮೆ ಕದಡಲಿ.